ಮಲಕ್ಕಿರುವ ಪರೀಕ್ಷೆ ಕುಡಿಯುವ ನೀರಿಗೇಕಿಲ್ಲ?

ಒಬ್ಬ ಆರೋಗ್ಯವಂತನ ಮಲವನ್ನು ತೆಗೆದು, ಸೋಸಿ, ರೋಗಿಯ ಕರುಳಿಗೆ ಬಿಟ್ಟು ಕಾಯಿಲೆ ವಾಸಿ ಮಾಡುತ್ತಾರೆ ಎಂದು ಯಾದಗಿರಿ ಜಿಲ್ಲೆಯ ಶಹಾಪುರದ ಚಹಾದಂಗಡಿಯಲ್ಲಿ ಯಾರಾದರೂ ಹೇಳಿದರೆ ಏನಾದೀತು? ಅರ್ಧ ಕುಡಿದ ಚಹಾ ಅಲ್ಲೇ ಉಳಿದೀತು. ‘ಎಂಥಾ ಹೇಸಿಗಿ ಮಾತು ತೆಗೀತೀರಿ, ಬಿಡ್ರಿ’ ಎಂದು ಒಬ್ಬಿಬ್ಬರು ಎದ್ದು ಹೋದಾರು. ಆದರೆ ಅದೇ ಅಂಗಡಿಯ ಡ್ರಮ್ಮಿಗೆ ಬಂದು ಬೀಳುವ ನಳದ ನೀರು ಯಾವ ಗಟಾರ ದಾಟಿ ಬಂತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಒಬ್ಬರ ಮಲ ಇನ್ನೊಬ್ಬರ ಹೊಟ್ಟೆ ಸೇರಲು ಎರಡು ದಾರಿಗಳಿವೆ. ಒಂದು, ಹತ್ತಾರು ಪರೀಕ್ಷೆ ದಾಟಿ, ವೈದ್ಯರ ಕೈಯಿಂದ, ಜೀವ ಉಳಿಸಲು. ಇನ್ನೊಂದು, ಯಾವ ಪರೀಕ್ಷೆಯ ಹಂಗೂ ಇಲ್ಲದೆ, ಒಡೆದ ಪೈಪಿನ ಮೂಲಕ, ಜೀವ ತೆಗೆಯಲು. ಮೊದಲನೆಯದನ್ನು ಕೇಳಿ ಮೂಗು ಮುಚ್ಚುವ ಸಮಾಜ ಎರಡನೆಯದಕ್ಕೆ ಒಗ್ಗಿಹೋಗಿದೆ.

ಮೊದಲ ದಾರಿಗೆ ವೈದ್ಯಲೋಕದಲ್ಲಿ ಎಫ್‌ಎಂಟಿ (ಫೀಕಲ್ ಮೈಕ್ರೋಬಯೋಟಾ ಟ್ರಾನ್ಸ್‌ಪ್ಲಾಂಟೇಶನ್) ಎಂಬ ಹೆಸರಿದೆ. ಕನ್ನಡದಲ್ಲಿ ಮಲ ಕಸಿ ಎನ್ನಬಹುದು. ಕೇಳಲು ನಾಟಿ ಪ್ರಯೋಗದಂತಿದ್ದರೂ ಇದರ ಹಿಂದೆ ಗಟ್ಟಿ ಸಾಕ್ಷ್ಯವಿದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ (ಸಿ-ಡಿಫ್) ಎಂಬ ಬ್ಯಾಕ್ಟೀರಿಯಾದಿಂದ ಮೇಲಿಂದ ಮೇಲೆ ಭೇದಿಗೆ ತುತ್ತಾಗುತ್ತಿದ್ದ ರೋಗಿಗಳ ಮೇಲೆ ಆಮ್‌ಸ್ಟರ್‌ಡ್ಯಾಮಿನ ವೈದ್ಯರ ತಂಡವೊಂದು ಪ್ರಯೋಗ ನಡೆಸಿತು. 16 ಮಂದಿಗೆ ಮೂಗಿನ ಮೂಲಕ ಸಣ್ಣಕರುಳಿನವರೆಗೆ ನಳಿಕೆ ಇಳಿಸಿ, ದಾನಿಯ ಮಲದಿಂದ ತಯಾರಿಸಿದ ದ್ರಾವಣ ಕೊಟ್ಟರು. ಒಂದೇ ಸಲಕ್ಕೆ 13 ಮಂದಿ ಗುಣವಾದರು. ಎರಡನೇ ಸಲ ಕೊಟ್ಟಾಗ ಇನ್ನಿಬ್ಬರು ಚೇತರಿಸಿಕೊಂಡರು. ವ್ಯಾಂಕೋಮೈಸಿನ್ ಎಂಬ ಪ್ರಬಲ ಔಷಧಿಯನ್ನಷ್ಟೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು ಮಾತ್ರ. ಅಂತರ ಇಷ್ಟು ದೊಡ್ಡದಿರುವಾಗ ಉಳಿದವರಿಗೆ ಮಲ ಕಸಿ ಮಾಡದೆ ಇರುವುದು ತಪ್ಪಾಗುತ್ತದೆಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು. 2013ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಈ ವರದಿಯನ್ನು ಪ್ರಕಟಿಸಿದ ಮೇಲೆ ನಗುತ್ತಿದ್ದವರ ಬಾಯಿ ಮುಚ್ಚಿತು.

ವಿಚಾರ ಹೊಸದೇನಲ್ಲ. ನಾಲ್ಕನೇ ಶತಮಾನದ ಚೀನಾದಲ್ಲಿ ಗೆ ಹಾಂಗ್ ಎಂಬ ವೈದ್ಯ ವಿಷಾಹಾರ ಮತ್ತು ತೀವ್ರ ಭೇದಿಗೆ ಮಲದ ದ್ರಾವಣ ಕುಡಿಸುವುದನ್ನು ಬರೆದಿಟ್ಟಿದ್ದಾನೆ. 1958ರಲ್ಲಿ ಅಮೆರಿಕದ ಡೆನ್ವರ್‌ನ ಶಸ್ತ್ರವೈದ್ಯ ಬೆನ್ ಐಸ್‌ಮನ್ ಮತ್ತು ಸಂಗಡಿಗರು, ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಕರುಳು ಉರಿದೆದ್ದು ಸಾವಿನಂಚಿಗೆ ಹೋಗಿದ್ದ ನಾಲ್ವರಿಗೆ ಮಲದ ಎನಿಮಾ ಕೊಟ್ಟು ಬದುಕಿಸಿದರು. ಆಗ ಆ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಯಾವುದೆಂದೇ ಗೊತ್ತಿರಲಿಲ್ಲ. ಅದು ತಿಳಿದದ್ದು 1978ರಲ್ಲಿ.

ದನದ ಡಾಕ್ಟರುಗಳಿಗಂತೂ ಇದು ಪರಿಚಿತ ಕೆಲಸ. ರಾಶಿಯ ಕಾಲದಲ್ಲಿ ಕಣದ ಜೋಳಕ್ಕೆ ಬಾಯಿ ಹಾಕಿ, ಹೊಟ್ಟೆ ಕೆಟ್ಟು, ಮೆಲುಕು ನಿಲ್ಲಿಸಿ ಮಲಗಿದ ಎತ್ತಿಗೆ ಆರೋಗ್ಯವಂತ ದನದ ಹೊಟ್ಟೆಯ ರಸವನ್ನು ತಂದು ಕುಡಿಸುವ ಚಿಕಿತ್ಸೆ ಪಶುವೈದ್ಯದ ಪಠ್ಯದಲ್ಲೇ ಇದೆ. ಆ ರಸದಲ್ಲಿರುವ ಜೀವಾಣುಗಳು ಹೋಗಿ ನೆಲೆಸಿದರೆ ಎತ್ತು ಮತ್ತೆ ಮೆಲುಕು ಹಾಕುತ್ತದೆ. ಎತ್ತಿಗೆ ಒಪ್ಪಿದ್ದು ಮನುಷ್ಯನಿಗೂ ಒಪ್ಪುತ್ತದೆ ಎಂದು ತೋರಿಸಲು ವಿಜ್ಞಾನ ಇಷ್ಟು ದಿನ ತೆಗೆದುಕೊಂಡಿತು.

ಮನುಷ್ಯನ ದೇಹದಲ್ಲಿ, ಅದರಲ್ಲೂ ದೊಡ್ಡಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಹಾಕಿದ ಲೆಕ್ಕ. ಇವುಗಳಲ್ಲಿ ಹೆಚ್ಚಿನವು ಉಪಕಾರಿಗಳು. ತಿಂದದ್ದನ್ನು ಕರಗಿಸಲು ನೆರವಾಗುತ್ತವೆ, ಹೊರಗಿನ ಕ್ರಿಮಿಗೆ ಜಾಗ ಕೊಡುವುದಿಲ್ಲ. ಅವುಗಳಲ್ಲಿ ಕೆಲವು ಪಿತ್ತರಸವನ್ನು ಮಾರ್ಪಡಿಸುತ್ತವೆ; ಹಾಗೆ ಮಾರ್ಪಟ್ಟ ಪಿತ್ತರಸದಲ್ಲಿ ಸಿ-ಡಿಫ್ ಬೆಳೆಯಲಾರದು. ಆಂಟಿಬಯೋಟಿಕ್ ಹೊಟ್ಟೆಗಿಳಿದಾಗ ಈ ಕಾವಲು ಸಡಿಲವಾಗುತ್ತದೆ. ಹತ್ತಿ ಹೊಲಕ್ಕೆ ಕಂಡ ಕಂಡ ಎಣ್ಣೆ ಹೊಡೆದರೆ ಕೀಡಿಯ ಜತೆಗೆ ಕೀಡಿ ತಿನ್ನುವ ಹುಳುವೂ ಸತ್ತು, ಕೊನೆಗೆ ಬಿಳಿನೊಣದ್ದೇ ರಾಜ್ಯವಾಗುವುದನ್ನು ಶಹಾಪುರ, ಸುರಪುರದ ರೈತರು ಕಂಡಿದ್ದಾರೆ. ಕರುಳಿನಲ್ಲೂ ನಡೆಯುವುದು ಅದೇ. ಔಷಧಿಗೆ ಜಗ್ಗದ ಬೀಜಾಣುವಿನ ರೂಪದಲ್ಲಿ ಕಾದು ಕುಳಿತ ಸಿ-ಡಿಫ್, ಖಾಲಿಯಾದ ಜಾಗದಲ್ಲಿ ಎದ್ದು ವಿಷ ಕಾರುತ್ತದೆ. ಅದನ್ನು ಕೊಲ್ಲಲು ಕೊಡುವುದೂ ಆಂಟಿಬಯೋಟಿಕ್ಕೇ. ಮದ್ದು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬೀಜಾಣು ಮತ್ತೆ ಮೊಳೆಯುತ್ತದೆ, ಭೇದಿ ಮತ್ತೆ ಶುರುವಾಗುತ್ತದೆ. ಕಳೆದುಹೋದ ಜೀವಾಣುಗಳನ್ನು ಮರಳಿ ತಂದು ನೆಲೆಗೊಳಿಸದೆ ಈ ಸುತ್ತು ಮುರಿಯುವುದು ಕಷ್ಟ. ಮಲ ಕಸಿ ಮಾಡುವ ಕೆಲಸ ಅಷ್ಟೇ.

ಅಮೆರಿಕದಲ್ಲಿ 2011ರ ಒಂದೇ ವರ್ಷದಲ್ಲಿ ನಾಲ್ಕೂವರೆ ಲಕ್ಷ ಮಂದಿಗೆ ಈ ಸೋಂಕು ತಗುಲಿ, ಸುಮಾರು 29 ಸಾವಿರ ಮಂದಿ ಸತ್ತರೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಅಂದಾಜಿಸಿತ್ತು. ಭಾರತದಲ್ಲಿ ಇಂಥ ಲೆಕ್ಕವೇ ಇಲ್ಲ. ಹುಡುಕಿದ ಕಡೆ ರೋಗ ಸಿಕ್ಕಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳು ಇದನ್ನು ದಾಖಲಿಸಿವೆ. ಹುಡುಕದ ಕಡೆ ಅದು ‘ಹೊಟ್ಟೆ ಕೆಟ್ಟದ್ದು’ ಎಂಬ ಸಾಮಾನ್ಯ ಹೆಸರಿನಲ್ಲಿ ಕಳೆದುಹೋಗುತ್ತದೆ.

ಈಗ ಮಲ ಕಸಿಗೆ ಬೇಕಾಗುವ ಮಲ ಎಲ್ಲಿಂದ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಈ ಲೇಖನದ ವಾದ ನಿಂತಿರುವುದು ಅಲ್ಲೇ. ದಾನಿಯಾಗಲು ಮುಂದೆ ಬಂದವರನ್ನು ಮೊದಲು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಇತ್ತೀಚೆಗೆ ಆಂಟಿಬಯೋಟಿಕ್ ತಿಂದಿದ್ದಾರೆಯೇ, ಆಸ್ಪತ್ರೆಯಲ್ಲಿದ್ದರೇ, ದೂರದ ಪ್ರಯಾಣ ಮಾಡಿದ್ದರೇ, ಮಧುಮೇಹ ಇದೆಯೇ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ? ಆಮೇಲೆ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್‌ಗೆ ರಕ್ತಪರೀಕ್ಷೆ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಜಿಯಾರ್ಡಿಯಾ, ಜಂತುಹುಳು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎಂದು ಒಂದೊಂದಕ್ಕೂ ಮಲಪರೀಕ್ಷೆ. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಓಪನ್‌ಬಯೋಮ್ ಎಂಬ ಮಲ ಬ್ಯಾಂಕಿನ ಅನುಭವದಲ್ಲಿ, ದಾನಕ್ಕೆ ಬಂದ ನೂರು ಜನರಲ್ಲಿ ಮೂವರು ಕೂಡ ತೇರ್ಗಡೆಯಾಗುತ್ತಿರಲಿಲ್ಲ. ತೇರ್ಗಡೆಯಾದವರ ಮಲವನ್ನು ಸಲೈನಿನಲ್ಲಿ ಕದಡಿ, ಸೋಸಿ, ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಪ್ರತಿ ಶೀಷೆಗೂ ಒಂದು ಸಂಖ್ಯೆ, ಮಾದರಿಯ ಒಂದಿಷ್ಟು ಭಾಗ ಮುಂದೆ ತಕರಾರು ಬಂದರೆ ತೆಗೆದು ನೋಡಲು.

ಇಷ್ಟಾದರೂ ಒಮ್ಮೆ ಎಡವಟ್ಟಾಯಿತು. ಪ್ರಯೋಗವೊಂದರಲ್ಲಿ ಮಲದ ಕ್ಯಾಪ್ಸೂಲ್ ನುಂಗಿದ ಇಬ್ಬರಿಗೆ, ಔಷಧಿಗೆ ಜಗ್ಗದ ಇ-ಕೊಲೈ ರಕ್ತಕ್ಕೆ ಸೇರಿ, ಒಬ್ಬರು ತೀರಿಕೊಂಡರು. ಆ ದಾನಿಯ ಮಲವನ್ನು ಆ ಒಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಪರೀಕ್ಷಿಸಿರಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರ ಜೂನ್‌ನಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟು, ಆ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಒಂದು ಸಾವು, ಒಂದು ಹೊಸ ನಿಯಮ. ನಂತರ 2022ರ ನವೆಂಬರ್‌ನಲ್ಲಿ ರೆಬಯೋಟಾ ಎಂಬ ದ್ರಾವಣಕ್ಕೂ, 2023ರ ಏಪ್ರಿಲ್‌ನಲ್ಲಿ ವೌಸ್ಟ್ ಎಂಬ ಕ್ಯಾಪ್ಸೂಲಿಗೂ ಅದೇ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಆಗ ವೌಸ್ಟ್ ಚಿಕಿತ್ಸೆಯ ಬೆಲೆ 17,500 ಡಾಲರ್ ಇತ್ತು. ಆಗಿನ ದರದಲ್ಲಿ 14 ಲಕ್ಷ ರೂಪಾಯಿ ಮೀರುತ್ತಿತ್ತು.

ಭಾರತದ ವೈದ್ಯರೂ ಹಿಂದೆ ಬಿದ್ದಿಲ್ಲ. ಲುಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅಜಿತ್ ಸೂದ್ ಮತ್ತು ತಂಡ ಅಲ್ಸರೇಟಿವ್ ಕೊಲೈಟಿಸ್ ಎಂಬ ದೀರ್ಘಕಾಲದ ಕರುಳುಬೇನೆಗೆ ಮಲ ಕಸಿ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದೆಹಲಿಯ ಯಕೃತ್ ಮತ್ತು ಪಿತ್ತ ವಿಜ್ಞಾನ ಸಂಸ್ಥೆಯಲ್ಲಿ ಕುಡಿತದಿಂದ ಲಿವರ್ ಹಾಳಾದ ಎಂಟು ಮಂದಿಗೆ ಇದನ್ನು ಪ್ರಯೋಗಿಸಿದ ವರದಿ 2017ರಲ್ಲಿ ಬಂತು. ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಸಿಗುತ್ತದೆ. ಯಾದಗಿರಿಯ ರೋಗಿ ಮುಂಬೈ–ಚೆನ್ನೈ ಮಾರ್ಗದ ರೈಲು ಹಿಡಿದು ದೊಡ್ಡ ಊರಿಗೆ ಹೋಗಬಹುದು. ರೈಲೇ ಇಲ್ಲದ ಶಹಾಪುರ, ಸುರಪುರದವರು ಮೊದಲು ಬಸ್ಸು ಹತ್ತಿ ಯಾದಗಿರಿಗೆ ಬರಬೇಕು. ಹೋದವರ ಕೈಗೆ ಎಟುಕುವ ದರದಲ್ಲಿ ಸಿಗುವಂತೆ ಸರ್ಕಾರಿ ಮಲ ಬ್ಯಾಂಕು ಬೇಕು. ದಾನಿಯನ್ನು ಹೇಗೆ ಆರಿಸಬೇಕು, ಯಾರು ಹೊಣೆ ಎಂಬ ಕೇಂದ್ರದ ಸ್ಪಷ್ಟ ಕಾಯ್ದೆ ಬೇಕು. ಬೊಜ್ಜು, ಆಟಿಸಂ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಇದೇ ಮದ್ದು ಎಂದು ಮಾರುವವರು ನಾಳೆ ಬಂದೇ ಬರುತ್ತಾರೆ. ಅವಕ್ಕೆಲ್ಲ ಇದು ಕೆಲಸ ಮಾಡುತ್ತದೆಂದು ಇನ್ನೂ ಸಾಬೀತಾಗಿಲ್ಲ.

ಇಷ್ಟು ಹೇಳಿದ ಮೇಲೂ, ಯಾದಗಿರಿ ಜಿಲ್ಲೆಯ ಕರುಳಿನ ಸಂಕಟಕ್ಕೆ ಮಲ ಕಸಿಯೇ ಉತ್ತರ ಎಂದರೆ ಅದು ಸುಳ್ಳಾಗುತ್ತದೆ. ಇಲ್ಲಿ ಮತ್ತೆ ಮತ್ತೆ ಬರುವ ಕರುಳಿನ ಸೋಂಕು ಬರುತ್ತಿರುವುದು ಎರಡನೇ ದಾರಿಯಿಂದ.

2022ರ ಬೇಸಿಗೆಯ ಕೊನೆಯಲ್ಲಿ ಪಕ್ಕದ ರಾಯಚೂರು ನಗರದಲ್ಲಿ ಕಲುಷಿತ ನೀರು ಹಲವರ ಪ್ರಾಣ ತೆಗೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಹಾಪುರ ತಾಲ್ಲೂಕಿನ ಹೋತಪೇಟ ಅದೇ ಕಾರಣಕ್ಕೆ ಸುದ್ದಿಯಾಯಿತು. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ನಳದ ನೀರು ಕುಡಿದ ಹತ್ತಾರು ಮಂದಿ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಮಹಿಳೆಯರು ಸತ್ತರು. 2025ರ ಜುಲೈನಲ್ಲಿ ಸುರಪುರ ತಾಲ್ಲೂಕಿನ ತಿಪ್ಪನಟಗಿಯಿಂದ ಅಂಥದೇ ಸಾವುಗಳ ಸುದ್ದಿ ಬಂತು. ಹಳ್ಳಿಗಳಲ್ಲಿ ಹೆಚ್ಚಿನ ಸಲ ಆಗುವುದು ಒಂದೇ. ಶಾಲೆಯ ಕೋಣೆಯಲ್ಲಿ ಮಂಚ ಹಾಕಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರ, ಕಿಟಕಿಯ ಸರಳಿಗೆ ಕಟ್ಟಿದ ಸಲೈನ್ ಬಾಟಲಿ, ಟ್ಯಾಂಕರ್ ನೀರು, ಅಧಿಕಾರಿಗಳ ಭೇಟಿ, ಪಿಡಿಒ ಅಮಾನತು, ಪರಿಹಾರದ ಚೆಕ್ಕು. ಎರಡು ವಾರ ಕಳೆದರೆ ಟ್ಯಾಂಕರ್ ನಿಲ್ಲುತ್ತದೆ, ಹಳೆಯ ನಳಕ್ಕೇ ಕೊಡ ಹಿಡಿಯಬೇಕು.

ಆ ನಳವನ್ನು ಬಗ್ಗಿ ನೋಡಿದರೆ ಕಥೆ ಅರ್ಥವಾಗುತ್ತದೆ. ನೀರಿನ ಒತ್ತಡ ಸಾಲದೆಂದು ಹಲವು ಓಣಿಗಳಲ್ಲಿ ಮನೆ ಮುಂದೆ ಮೊಳಕಾಲುದ್ದದ ಗುಂಡಿ ತೋಡಿ, ನೆಲಕ್ಕಿಂತ ಕೆಳಗೆ ಪೈಪಿನ ಬಾಯಿ ಇಟ್ಟಿರುತ್ತಾರೆ. ಗುಂಡಿಯ ತಳದಲ್ಲಿ ನಿನ್ನೆಯ ಬಚ್ಚಲ ನೀರು. ಅಲ್ಲಿಂದ ನಾಲ್ಕು ಹೆಜ್ಜೆಗೆ ಗಟಾರ, ಗಟಾರದ ಒಳಗಿಂದಲೇ ಹಾದುಹೋದ ಪ್ಲಾಸ್ಟಿಕ್ ಪೈಪು, ಪೈಪಿನ ಜೋಡಣೆಗೆ ಸುತ್ತಿದ ಸೈಕಲ್ ಟ್ಯೂಬಿನ ತುಂಡು. ನೀರು ಬಿಡುವುದು ದಿನ ಬಿಟ್ಟು ದಿನ, ಇಲ್ಲವೇ ಮೂರು ದಿನಕ್ಕೊಮ್ಮೆ. ನೀರು ನಿಂತ ಹೊತ್ತಿನಲ್ಲಿ ಪೈಪು ಖಾಲಿಯಾಗಿ, ಒಳಗೆ ಒತ್ತಡವಿಲ್ಲದೆ ಹೊರಗಿನ ಕೊಳೆಯನ್ನು ಸೀಳಿನ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬೀಳುವುದು ಅದೇ ಕೊಳೆ. ಮಳೆಗಾಲದಲ್ಲಿ ಬಯಲಿನ ಹೊಲಸೂ ಹರಿದು ಇದಕ್ಕೆ ಸೇರುತ್ತದೆ. ತಂಬಿಗೆ ಹಿಡಿದು ಬಯಲಿಗೆ ಹೋಗುವುದು ಇನ್ನೂ ಪೂರ್ತಿ ನಿಂತಿಲ್ಲ.

ಕುಡಿಯುವ ನೀರಿಗೆ ಮಾನದಂಡವೇ ಇಲ್ಲವೆಂದಲ್ಲ. ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಕಾಣಿಸಬಾರದು. ಮನೆಯ ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆಯೂ ದುಬಾರಿಯದಲ್ಲ. ನೀರಿನಲ್ಲಿ ಮಲದ ಅಂಶವಿದೆಯೇ ಎಂದು ತಿಳಿಯುವ ಸರಳ ವಿಧಾನವನ್ನು ಕೆ.ಎಸ್. ಮಾಂಜಾ ಮತ್ತು ಸಂಗಡಿಗರು ರೂಪಿಸಿ 1982ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಪರೀಕ್ಷೆಯ ರಾಸಾಯನಿಕವಿರುವ ಸಣ್ಣ ಶೀಷೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಟ್ಟರೆ ಸಾಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಕುಡಿಯಲು ಬಾರದು ಎಂದರ್ಥ. ಓದು ಬಾರದವರಿಗೂ ಈ ಫಲಿತಾಂಶ ತಿಳಿಯುತ್ತದೆ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕೆಂಬ ನಿಯಮವೂ ಇದೆ. ಕಿಟ್ ಪಂಚಾಯಿತಿಯ ಕಪಾಟಿನಲ್ಲಿದ್ದರೆ ಪ್ರಯೋಜನವೇನು? ದಾನಿಯ ಮಲದ ಪ್ರತಿ ಶೀಷೆಗೆ ಸಂಖ್ಯೆ ಹಚ್ಚಿ ದಾಖಲೆ ಇಡಲು ಆಗುವುದಾದರೆ, ಊರಿನ ಓವರ್‌ಹೆಡ್ ಟ್ಯಾಂಕಿನ ನೀರಿನ ಫಲಿತಾಂಶವನ್ನು ವಾರಕ್ಕೊಮ್ಮೆ ಪಂಚಾಯಿತಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಏನು ಅಡ್ಡಿ?

ಈ ಎರಡು ದಾರಿಗಳ ನಡುವೆ ಮೂರನೆಯ ಪಾತ್ರಧಾರಿ ಒಬ್ಬನಿದ್ದಾನೆ. ಅದು ಗುಳಿಗೆ.

‘ನಿನ್ನಿಯಿಂದ ಜುಲಾಬ್ ಹತ್ಯದ್ರಿ, ಗುಳಗಿ ಕೊಡ್ರಿ.’ ಯಾವ ಊರಿನ ಔಷಧಿ ಅಂಗಡಿಯ ಕಟ್ಟೆಗೆ ನಿಂತರೂ ಈ ಮಾತು ಕೇಳುತ್ತದೆ. ಚೀಟಿ ಕೇಳುವವರು ಕಡಿಮೆ. ಅಂಗಡಿಯವನು ಕತ್ತರಿಯಿಂದ ಪಟ್ಟಿಯ ನಾಲ್ಕು ಗುಳಿಗೆ ಕತ್ತರಿಸಿ ಕಾಗದದಲ್ಲಿ ಕಟ್ಟಿ ಕೊಡುತ್ತಾನೆ. ಹೆಚ್ಚಿನ ಸಲ ಅದು ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಎರಡನ್ನೂ ಬೆರೆಸಿದ ಗುಳಿಗೆ. ಹಳ್ಳಿಯಲ್ಲಾದರೆ ಬ್ಯಾಗು ಹಿಡಿದು ಮನೆಗೇ ಬರುವ ‘ಡಾಕ್ಟರ್’ ಒಂದು ಸೂಜಿ ಮಾಡಿ, ಒಂದು ಬಾಟಲಿ ಹಚ್ಚುತ್ತಾನೆ. ಮಕ್ಕಳಿಗೆ ಬರುವ ಹೆಚ್ಚಿನ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ರಕ್ತಭೇದಿ, ತೀವ್ರ ಕಾಲರಾದಂಥ ಕೆಲವು ಸಂದರ್ಭಗಳಲ್ಲಿ ಬೇಕು. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಉಳಿದಂತೆ ತಿಂದ ಗುಳಿಗೆ ರೋಗವನ್ನು ಬಿಟ್ಟು ಕರುಳಿನ ಕಾವಲನ್ನು ಕೊಲ್ಲುತ್ತದೆ, ಔಷಧಿಗೆ ಜಗ್ಗದ ಕ್ರಿಮಿಯನ್ನು ಬೆಳೆಸುತ್ತದೆ. ಆ ಕ್ರಿಮಿ ಮಲದ ಮೂಲಕ ಹೊರಬಂದು ಗಟಾರ ಸೇರಿ, ಸೀಳಿದ ಪೈಪಿನಿಂದ ಪಕ್ಕದ ಮನೆಯ ಕೊಡಕ್ಕೆ ಬರುತ್ತದೆ. ಅಮೆರಿಕದಲ್ಲಿ ಒಂದು ಕ್ಯಾಪ್ಸೂಲಿನಿಂದ ದಾಟಿದ ಅದೇ ಬಗೆಯ ಬ್ಯಾಕ್ಟೀರಿಯಾಕ್ಕೆ ಇಲ್ಲಿ ನಳವೇ ದಾರಿ.

ಕಾಯ್ದೆ ಇಲ್ಲದಿಲ್ಲ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯ ಔಷಧಿಗಳಿಗೆ ಕೊಂಡವರ, ಬರೆದ ವೈದ್ಯರ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಕೇರಳ 2024ರಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ದಿಢೀರ್ ಭೇಟಿ ಕೊಟ್ಟು ಈ ಕಾಯ್ದೆಗೆ ಜೀವ ತುಂಬಿತು. ಕರ್ನಾಟಕಕ್ಕೆ, ಅದರಲ್ಲೂ ಕಲ್ಯಾಣ ಕರ್ನಾಟಕಕ್ಕೆ, ಅಂಥ ಬಿಗಿ ಬೇಕಾಗಿದೆ.

ಗುಳಿಗೆ ಬೇಡವೆಂದರೆ ಏನು ಕೊಡಬೇಕು? ಅದಕ್ಕೆ ಉತ್ತರ ದೊಡ್ಡ ಪ್ರಮಾಣದಲ್ಲಿ ಸಾಬೀತಾದದ್ದು ಇದೇ ದೇಶದ ಗಡಿಯೂರಿನಲ್ಲಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಿತು, ಸಲೈನ್ ಮುಗಿಯಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ಕಲಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಅವರು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೆ ದೇಶ ಪದ್ಮವಿಭೂಷಣ ಕೊಟ್ಟಿತು. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಒಆರ್‌ಎಸ್, ಜತೆಗೆ ಆರು ತಿಂಗಳು ದಾಟಿದ ಮಗುವಿಗೆ 14 ದಿನ ದಿನಕ್ಕೆ 20 ಮಿಲಿಗ್ರಾಂ ಸತು. ಮಕ್ಕಳ ಭೇದಿಗೆ ಮೊದಲ ಚಿಕಿತ್ಸೆ ಇಷ್ಟೇ. ಇವೆರಡೂ ಅಂಗನವಾಡಿ, ಆಶಾ ಕಾರ್ಯಕರ್ತೆಯರ ಬಳಿ ಪುಕ್ಕಟೆ ಸಿಗುತ್ತವೆ. ಅಂಗಡಿಯಲ್ಲಿ ಮಾತ್ರ ಒಆರ್‌ಎಸ್ ಎಂದು ಬರೆದ ಬಣ್ಣದ ಸಕ್ಕರೆ ನೀರಿನ ಡಬ್ಬಿಗಳು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಹಟ ಹಿಡಿದು ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸದಂತೆ ಆದೇಶಿಸಿತು.

ಕೊಳೆತ ನೀರಿನ ಕೇಡು ಭೇದಿಗೇ ಮುಗಿಯುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಜ್ಯದ ಸರಾಸರಿ ಶೇ 35. ಇದಕ್ಕೆ ಬಡತನ, ತಾಯಂದಿರ ರಕ್ತಹೀನತೆ, ಎಳೆ ವಯಸ್ಸಿನ ಮದುವೆ ಎಲ್ಲ ಕಾರಣ. ಕರುಳೂ ಒಂದು ಕಾರಣ. ಹೊಲಸಿನ ಬ್ಯಾಕ್ಟೀರಿಯಾವನ್ನು ದಿನವೂ ನುಂಗುವ ಮಗುವಿನ ಸಣ್ಣಕರುಳಿನ ಎಸಳುಗಳು ಚಪ್ಪಟೆಯಾಗಿ, ತಿಂದ ರೊಟ್ಟಿ-ಬೇಳೆ ಮೈಗೆ ಹತ್ತುವುದಿಲ್ಲ. ಭೇದಿ ಕಾಣಿಸದಿದ್ದರೂ ಒಳಗೆ ಇದು ನಡೆದೇ ಇರುತ್ತದೆ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯಲ್ಲಿ ಸಾವಿರಾರು ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ, ಸಾದಾ ಶೌಚಾಲಯ, ಕ್ಲೋರಿನ್, ಸಾಬೂನು ಕೊಟ್ಟದ್ದರಿಂದ ಮಾತ್ರ ಮಕ್ಕಳ ಎತ್ತರ ಹೆಚ್ಚಲಿಲ್ಲ. ಅರೆಬರೆ ನೈರ್ಮಲ್ಯದಿಂದ ಮಕ್ಕಳ ಬೆಳವಣಿಗೆ ಸುಧಾರಿಸುವುದಿಲ್ಲ ಎಂಬುದು 2018–19ರಲ್ಲಿ ಬಂದ ಆ ಫಲಿತಾಂಶಗಳ ಪಾಠ. ಗುಂಡಿ ನಳದ ಪಕ್ಕದಲ್ಲೊಂದು ಸಂಡಾಸು ಕಟ್ಟಿ ಬಯಲು ಶೌಚಮುಕ್ತ ಗ್ರಾಮವೆಂದು ಫಲಕ ನೆಟ್ಟರೆ ಮಗು ಬೆಳೆಯುವುದಿಲ್ಲ.

ಆಶಾದಾಯಕ ಸಂಗತಿಯೂ ಉಂಟು. ಢಾಕಾದ ಮೀರ್‌ಪುರ ಕೊಳೆಗೇರಿಯಲ್ಲಿ ತಹಮೀದ್ ಅಹ್ಮದ್ ಮತ್ತು ಅಮೆರಿಕದ ಜೆಫ್ರಿ ಗಾರ್ಡನ್ ತಂಡ ಅಪೌಷ್ಟಿಕ ಮಕ್ಕಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮೇವಾಗುವಂಥ ಆಹಾರ ತಯಾರಿಸಿತು: ಕಡಲೆಹಿಟ್ಟು, ಸೋಯಾ, ಶೇಂಗಾ, ಹಸಿರು ಬಾಳೆಕಾಯಿ. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೆಚ್ಚು ಕ್ಯಾಲೊರಿಯ ಸಿದ್ಧ ಆಹಾರ ತಿಂದ ಮಕ್ಕಳಿಗಿಂತ ಇದನ್ನು ತಿಂದವರೇ ಚೆನ್ನಾಗಿ ತೂಕ ಪಡೆದರು. ಶೇಂಗಾ, ಕಡಲೆ ಯಾದಗಿರಿಯ ಹೊಲದಲ್ಲೇ ಬೆಳೆಯುವ ಬೆಳೆ. ಈ ಜಿಲ್ಲೆ ಇಂಥ ಪ್ರಯೋಗಕ್ಕೆ ಹೊಸದೂ ಅಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಶುರುಮಾಡಿದಾಗ ಎದ್ದ ಗದ್ದಲ ನೆನಪಿರಬಹುದು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು, ಮೊಟ್ಟೆ ಇಲ್ಲದ ಗದಗದ ಮಕ್ಕಳೊಂದಿಗೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಸ್ಪಷ್ಟವಾಗಿ ಹೆಚ್ಚು ಏರಿತ್ತು. ಗದ್ದಲ ಅಡಗಿತು, ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. ಗದ್ದಲಕ್ಕೆ ಉತ್ತರ ಕೊಡಬೇಕಾದ್ದು ಹೀಗೆ, ತೂಕದ ಯಂತ್ರದಿಂದ.

ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದು ಸಿ-ಡಿಫ್ ಪತ್ತೆಯ ಮಲಪರೀಕ್ಷೆಯನ್ನು ಬಡವರಿಗೂ ಸಿಗುವಂತೆ ಮಾಡಬೇಕು. ವಾರ್ಡಿನಲ್ಲಿ ಯಾವ ಆಂಟಿಬಯೋಟಿಕ್ ಯಾರಿಗೆ ಎಷ್ಟು ದಿನ ಕೊಟ್ಟರೆಂಬ ಲೆಕ್ಕ ಇಡಬೇಕು. ಸಿ-ಡಿಫ್‌ನ ಬೀಜಾಣು ಸ್ಯಾನಿಟೈಸರಿಗೆ ಸಾಯುವುದಿಲ್ಲ, ಸಾಬೂನು ಹಚ್ಚಿ ತೊಳೆದರೆ ಮಾತ್ರ ಕೈ ಬಿಡುತ್ತದೆ; ಆದ್ದರಿಂದ ಪ್ರತಿ ವಾರ್ಡಿನಲ್ಲಿ ಹರಿಯುವ ನೀರು, ಸಾಬೂನು ಇರಲೇಬೇಕು. ಜಿಲ್ಲಾ ಪಂಚಾಯಿತಿ ಹೊಸ ಪೈಪು ಹಾಕುವ ಮೊದಲು ಗಟಾರದೊಳಗಿನ ಹಳೆಯ ಪೈಪು ಎತ್ತಿಸಬೇಕು. ಸಂವಿಧಾನದ 371ಜೆ ವಿಧಿಯ ಅಡಿ ಬರುವ ಕಲ್ಯಾಣ ಕರ್ನಾಟಕದ ಅನುದಾನ ಸ್ವಾಗತ ಕಮಾನಿಗೂ ಸಮುದಾಯ ಭವನಕ್ಕೂ ಹೋಗುವ ಮೊದಲು ಈ ಕೆಲಸಕ್ಕೆ ಹೋಗಬೇಕು. ಒಂದು ಕ್ಯಾಪ್ಸೂಲಿನಿಂದಾದ ಒಂದು ಸಾವು ಅಮೆರಿಕದಲ್ಲಿ ಹೊಸ ನಿಯಮ ತಂದಿತು. ಹೋತಪೇಟ, ಅನಪುರ, ತಿಪ್ಪನಟಗಿಯ ಸಾವುಗಳು ಒಂದು ಅಮಾನತು ಆದೇಶಕ್ಕೆ ಮುಗಿಯಬಾರದು.

ಓದುಗರು ಮಾಡಬಹುದಾದದ್ದೂ ಇದೆ. ಯಾವುದಾದರೂ ಆಂಟಿಬಯೋಟಿಕ್ ತಿಂದ ಕೆಲವು ವಾರಗಳೊಳಗೆ ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರಾಗಿ ಭೇದಿಯಾದರೆ ಇನ್ನೊಂದು ಗುಳಿಗೆ ನುಂಗಬೇಡಿ. ತಿಂದ ಗುಳಿಗೆಯ ಪಟ್ಟಿಯನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಿ ತೋರಿಸಿ. ಮಗುವಿಗೆ ಭೇದಿಯಾದರೆ ಮೊದಲು ಒಆರ್‌ಎಸ್ ಕಲಸಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಊರಿನ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವ ತಾರೀಖು, ಫಲಿತಾಂಶ ಏನು ಬಂತು ಎಂದು ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ.